ಬೋರಲಣ್ಣನ ಕುರ್ಚಿ ಲೆಕ್ಕ

ಹಳೆಯ ಕುರ್ಚಿ ಮೇಜು ಕೊಂಡು ಮಾರುವವರ ಬೀದಿಯಲ್ಲಿ ಅವನನ್ನು ಹೆತ್ತವರಿಟ್ಟ ಹೆಸರಿನಿಂದ ಕರೆಯುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವನು ಬೋರಲಣ್ಣ. ಎಂಥ ಸಾಮಾನೇ ಬರಲಿ, ಮೊದಲು ಅದನ್ನು ಬೋರಲು ಹಾಕಿ ನೋಡಬೇಕು, ಬೆಲೆಯ ಮಾತು ಆಮೇಲೆ. ಮೇಜಿನ ಮುಖಕ್ಕೆ ಯಾರು ಬೇಕಾದರೂ ಪಾಲಿಶ್ ಬಳಿಯುತ್ತಾರೆ, ಹೊಟ್ಟೆಯ ಕೆಳಗೂ ಬಳಿಯುವಷ್ಟು ಪುರುಸೊತ್ತು ಮೋಸಗಾರನಿಗೂ ಇರುವುದಿಲ್ಲ ಎಂಬುದು ಅವನ ನಂಬಿಕೆ. ಪ್ಲೈವುಡ್ಡಿನ ಅಂಚನ್ನು ಉಗುರಿನಿಂದ ಕೆರೆದು ನೀರು ಕುಡಿದಿದೆಯೇ ಎಂದು ನೋಡುವನು. ಸ್ಕ್ರೂ ತೂತಿಗೆ ಕಿರುಬೆರಳಿಟ್ಟು ಎಷ್ಟು ಸಲ ಬಿಚ್ಚಿ ಬಿಗಿದಿದ್ದಾರೆ ಎಂದು ಅಂದಾಜು ಕಟ್ಟುವನು. ಡ್ರಾಯರಿನೊಳಗೆ ಮೂಗು ತೂರಿಸಿ ಗೆದ್ದಲಿನ ವಾಸನೆ ಹಿಡಿಯುವನು.

ಈ ಬುದ್ಧಿಯನ್ನು ಅಂಗಡಿಯಲ್ಲೇ ಬೀಗ ಹಾಕಿಟ್ಟು ಮನೆಗೆ ಹೋಗುವ ಜಾಯಮಾನ ಅವನದಲ್ಲ. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕು ಮಜ್ಜಿಗೆಯನ್ನು ಊದಿತಂತೆ. ಬೋರಲಣ್ಣ ತಣ್ಣೀರನ್ನೂ ಊದಿ ಕುಡಿಯುವವನು. ಹಣ್ಣಿನವನು ಕೈಯೆತ್ತಿ ಒಂದು ಹೆಚ್ಚಿಗೆ ಹಾಕಿದರೆ ಉಳಿದವು ಕೊಳೆತಿವೆ ಎಂದೇ ಅವನ ಲೆಕ್ಕ. ವೈದ್ಯರು ಏನೂ ಆಗಿಲ್ಲ ಎಂದರೆ ಇನ್ನೊಬ್ಬ ವೈದ್ಯರ ಬಾಗಿಲು ತಟ್ಟುವನು. "ನಾನು ನಕ್ಕರೆ ಯಾಕೆ ನಕ್ಕೆ ಅಂತ ಕೇಳ್ತಾರೆ, ಅತ್ತರೆ ಮಾತ್ರ ನಂಬ್ತಾರೆ" ಎಂದು ಹೆಂಡತಿ ನೆರೆಯವರ ಮುಂದೆ ಆಡಿಕೊಳ್ಳುವಳು.

ಇಷ್ಟೆಲ್ಲ ಕೆದಕುವ ಮನುಷ್ಯ ಒಂದು ಪ್ರಶ್ನೆಯನ್ನು ಮಾತ್ರ ಎಂದೂ ಯಾರಿಗೂ ಹಾಕಿದವನಲ್ಲ: "ಯಾಕೆ ಮಾರ್ತಿದ್ದೀರಿ?" ಅದು ಆ ಬೀದಿಯ ಹಳಬರ ಕಟ್ಟಳೆ. ಸಾಮಾನು ಮಾರುವವನು ಮುಳುಗಿದವನಾಗಿರಬಹುದು, ಹುಣ್ಣಿಗೆ ಕೋಲು ಹಾಕಬಾರದು. ಅದಕ್ಕಿಂತ ಮುಖ್ಯ, ಕೇಳಿದರೆ ಅವನ ಕಷ್ಟದ ಕಥೆಗೆ ಕಿವಿಗೊಡಬೇಕು. ಕಥೆ ಕೇಳಿದ ಮೇಲೆ ಬೆಲೆ ಇಳಿಸಲು ನಾಲಿಗೆ ಏಳುವುದಿಲ್ಲ. ಹಾಗಾಗಿ ಕಾರಣವನ್ನು ಬೋರಲಣ್ಣ ತಾನೇ ಕಟ್ಟಿಕೊಳ್ಳುತ್ತಿದ್ದ. ಯಾವ ಕಚೇರಿಯ ಕುರ್ಚಿ ತನ್ನ ಅಂಗಡಿಗೆ ಬಂತೋ ಆ ಕಸುಬಿನ ಕಥೆ ಮುಗಿಯಿತು. ಪ್ರವಾಸದ ಟಿಕೆಟ್ ಮಾಡಿಕೊಡುವವರ ಕುರ್ಚಿಗಳು ಬಂದವು, ಆ ಕಸುಬು ಮುಗಿಯಿತು. ಫೋಟೋ ತೊಳೆಯುವವರ ಮೇಜುಗಳು ಬಂದವು, ಅದೂ ಮುಗಿಯಿತು. ಈ ಲೆಕ್ಕ ಮೂರು ನಾಲ್ಕು ಸಲ ಸರಿಬಂದದ್ದೇ ತಡ, ಅದು ಅವನ ಪಾಲಿಗೆ ಶಾಸ್ತ್ರವಾಗಿಬಿಟ್ಟಿತು.

ಮಗಳು ಶಾಲೆಯ ಕೊನೆಯ ಪರೀಕ್ಷೆ ಮುಗಿಸಿ ಮನೆಯಲ್ಲಿ ಕೂತಾಗ ಈ ಶಾಸ್ತ್ರಕ್ಕೆ ನಿಜವಾದ ಕೆಲಸ ಬಂತು.

ಹೆಂಡತಿಯ ತಮ್ಮ ಒಂದು ಖಾಸಗಿ ಕಾಲೇಜಿನಲ್ಲಿ ಹುಡುಗರನ್ನು ಸೇರಿಸಿಕೊಳ್ಳುವ ವಿಭಾಗದಲ್ಲಿದ್ದ. ಅವನೊಂದು ಭಾನುವಾರ ನುಣುಪು ಕಾಗದದ ಪುಸ್ತಿಕೆ ಹಿಡಿದು ಬಂದ. ವಾಕ್ ಮತ್ತು ಶ್ರವಣ ಎಂಬ ವಿಷಯ: ಕಿವಿ ಕೇಳದವರನ್ನು, ಮಾತು ತೊದಲುವವರನ್ನು ಪರೀಕ್ಷಿಸಿ ತಿದ್ದುವ ಓದು. ಮಗಳು ಆ ಪುಟವನ್ನು ಆಗಲೇ ಬಾಯಿಪಾಠ ಮಾಡಿದ್ದಳು.

"ಫೀಸು ಸ್ವಲ್ಪ ಜಾಸ್ತಿ ಭಾವ," ಎಂದ ಭಾವಮೈದ. "ಆದರೆ ಬ್ಯಾಂಕಿನವರು ಸಾಲ ಕೊಡ್ತಾರೆ. ಅಂಗಡಿ ಪತ್ರ ಇಟ್ರೆ ಆಯ್ತು. ಓದು ಮುಗೀತಿದ್ದ ಹಾಗೆ ಕೆಲಸ, ಗ್ಯಾರಂಟಿ."

ಗ್ಯಾರಂಟಿ ಎಂಬ ಮಾತಿಗೆ ಬೋರಲಣ್ಣನ ಹುಬ್ಬು ಮೇಲೇರಿತು. ಆ ಅಂಗಡಿ ಅವನ ದುಡಿಮೆಯೆಲ್ಲ ನುಂಗಿ ಎದ್ದು ನಿಂತದ್ದು. ಅದು ಹೋದರೆ ಬೀದಿಯೂ ಹೋಯಿತು, ಅನ್ನವೂ ಹೋಯಿತು.

"ಗ್ಯಾರಂಟಿ ಯಾರು ಬರ್ಕೊಡ್ತಾರಯ್ಯಾ, ನೀನಾ?"

"ನಾನ್ಯಾಕೆ ಬರ್ಕೊಡ್ಲಿ ಭಾವ?"

"ಹಂಗಾದ್ರೆ ನೀನ್ಯಾಕೆ ಹೇಳ್ತೀಯ?"

ಹೆಂಡತಿ ಒಳಗಿನಿಂದ, "ಅವನಿಗೆ ಕಾಫಿನಾದ್ರೂ ಕುಡಿಯೋಕೆ ಬಿಡ್ರೀ" ಎಂದಳು.

ಬೋರಲಣ್ಣ ಮಗಳ ಕಡೆ ತಿರುಗಿದ. "ಇದನ್ನ ನಿನ್ನ ತಲೆಗೆ ತುಂಬಿದ್ದು ಮಾವನಾ?"

"ಯಾರೂ ತುಂಬಿಲ್ಲಪ್ಪ. ನನಗಿಷ್ಟ."

ಅವನ ಪಾಲಿಗೆ ಗ್ಯಾರಂಟಿಗಿಂತ ಹೆಚ್ಚು ಅನುಮಾನದ ಮಾತೆಂದರೆ 'ಇಷ್ಟ' ಎಂಬುದು. ಕುರ್ಚಿ ಕೊಳ್ಳಲು ಬಂದವರು ಇಷ್ಟ ಆಯ್ತು ಎಂದರೆ ಅವರು ಅದರ ಕಾಲು ನೋಡಿಲ್ಲ ಎಂದೇ ಅರ್ಥ. ಲೆಕ್ಕಪತ್ರದ ಓದು ಓದಲಿ, ಮನೆಯ ಹಿಂದಿನ ಬೀದಿಯಲ್ಲೇ ಕಾಲೇಜಿದೆ, ಸಾಲ ಬೇಡ ಎಂದು ಅವನ ಹಟ. ಲೆಕ್ಕ ಬರೆಯುವ ಕಚೇರಿಗಳಿಂದ ಒಂದು ಕುರ್ಚಿಯೂ ತನ್ನ ಅಂಗಡಿಗೆ ಬಂದಿಲ್ಲ, ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಆ ವಾರವೇ ಕಿವಿ ಪರೀಕ್ಷೆ ಮಾಡುವ ಒಂದು ಕೇಂದ್ರದಿಂದ ಲಾರಿ ತುಂಬ ಕುರ್ಚಿ ಬಂದವು. ಬೋರಲಣ್ಣ ಹಿಗ್ಗಿದನೋ ಕುಗ್ಗಿದನೋ ಅವನಿಗೇ ಗೊತ್ತಾಗಲಿಲ್ಲ. ಚೌಕಾಸಿ ಮಾಡದೆ ಕೊಂಡ. ಮಗಳನ್ನು ಕರೆದು ಅವುಗಳ ನಡುವೆ ನಿಲ್ಲಿಸಿದ.

"ನೋಡವ್ವ. ನಿನ್ನ ಓದು ಇಲ್ಲಿ ಬಂದು ಕೂತಿದೆ. ಬಾಗಿಲು ಹಾಕ್ಕೊಂಡು ಹೋದ್ರು."

ಮಗಳು ಸಾಲಾಗಿ ನಿಂತ ಕುರ್ಚಿಗಳನ್ನು ನೋಡಿದಳು. ಅವಳ ಮುಖ ಸಣ್ಣದಾಯಿತು. ಆದರೂ ಅಪ್ಪನ ರಕ್ತವೇ ತಾನೆ, ಕೆದಕದೆ ಬಿಡಲಿಲ್ಲ.

"ಯಾಕೆ ಮಾರಿದ್ರು ಅಂತ ಕೇಳಿದ್ಯಾ ಅಪ್ಪ?"

"ನಾವು ಹಾಗೆಲ್ಲ ಕೇಳಲ್ಲ."

"ಎಲ್ಲಾರನ್ನೂ ಎಲ್ಲಾನೂ ಕೇಳ್ತೀಯ. ಮಾವನ ಚಪ್ಪಲಿ ಎಷ್ಟಕ್ಕೆ ತಗೊಂಡಿದ್ದು ಅಂತಾನೂ ಕೇಳ್ತೀಯ. ನನ್ನ ಹಣೆಬರಹ ಅಳಿಸೋ ಹೊತ್ತಲ್ಲಿ ಮಾತ್ರ ಕೇಳಲ್ಲ."

ಅಷ್ಟಂದು ಹೊರಟುಹೋದಳು. ಅಂದಿನಿಂದ ಮನೆಯಲ್ಲಿ ಅವಳ ಮಾತು ಉಪ್ಪು ಖಾರದಷ್ಟು, ಬೇಕಾದಾಗ ಒಂದು ಚಿಟಿಕೆ. ಕಾಲೇಜಿಗೆ ಹಣ ಕಟ್ಟುವ ದಿನ ಹತ್ತಿರವಾಗುತ್ತಿತ್ತು. ಕುರ್ಚಿಗಳ ಚಕ್ರಕ್ಕೆ ಎಣ್ಣೆ ಬಿಡುತ್ತಾ ಬೋರಲಣ್ಣ ಅವುಗಳನ್ನು ಮತ್ತೆ ಮತ್ತೆ ಮಗುಚಿದ. ಫೋಮು ತಗ್ಗಿದೆ, ಕೈ ಇಡುವಲ್ಲಿ ಬಣ್ಣ ಹೋಗಿದೆ. ಜನ ಬಾರದೆ ಮುಚ್ಚಿದ ಕಚೇರಿಯ ಕುರ್ಚಿ ಹೀಗೆ ಸವೆಯುವುದಿಲ್ಲ. ಇದು ಯಾಕೋ ಸರಿಹೋಗಲಿಲ್ಲ. ಬೇರೆಯವರ ಮೇಲೆ ಅನುಮಾನಪಟ್ಟು ರೂಢಿಯಿದ್ದವನಿಗೆ ತನ್ನ ಶಾಸ್ತ್ರದ ಮೇಲೇ ಅನುಮಾನ ಹುಟ್ಟಿದಾಗ ಮೈಯೆಲ್ಲ ಮುಳ್ಳು.

ಕೇಂದ್ರದ ಹಳೆಯ ಕಟ್ಟಡಕ್ಕೆ ಹೋದ. ಬೀಗ. ಕಾವಲುಗಾರ ಬೀಡಿ ಆರಿಸಿ, "ಅವರಾ? ದೊಡ್ಡ ರಸ್ತೆಗೆ ಹೋದ್ರು, ಔಷಧಿ ಅಂಗಡಿ ಮಾಳಿಗೆ ಮೇಲೆ" ಎಂದ. ಬೋರಲಣ್ಣ ಅದನ್ನೂ ನಂಬದೆ ಪಕ್ಕದ ಚಹಾದವನನ್ನು ಕೇಳಿದ. ಅವನೂ ಹಾಗೇ ಹೇಳಿದ. ಇಬ್ಬರೂ ಒಂದೇ ಮಾತು ಹೇಳಿದ್ದರಿಂದ ಅವನ ಅನುಮಾನ ಇನ್ನಷ್ಟು ಬಲಿಯಿತು.

ಮಾಳಿಗೆ ಹತ್ತಿದರೆ ಕಾಲಿಡಲು ಜಾಗವಿಲ್ಲ. ಮುದುಕರು, ತೊಡೆಯ ಮೇಲೆ ಮಕ್ಕಳನ್ನು ಕೂರಿಸಿಕೊಂಡ ತಾಯಂದಿರು. ತಾನು ಯಾರೆಂದು ಹೇಳಿದರೆ ಬಣ್ಣದ ಮಾತಾಡುತ್ತಾರೆ ಎಂದುಕೊಂಡ ಬೋರಲಣ್ಣ ಕಿವಿಗೆ ಕೈಯಿಟ್ಟು, ಕೇಳಿಸುವುದಿಲ್ಲ ಎಂದು ಚೀಟಿ ಮಾಡಿಸಿದ. ಅವನ ಸರದಿ ಬಂದಾಗ ಬಿಳಿ ಕೋಟಿನ ಒಬ್ಬ ಹುಡುಗಿ ಅವನನ್ನು ಪುಟ್ಟ ಕೋಣೆಯೊಳಗೆ ಕೂರಿಸಿದಳು. ಗೋಡೆಗೆಲ್ಲ ಮೆತ್ತನೆಯ ಸ್ಪಂಜು, ದಪ್ಪ ಬಾಗಿಲು. ಅವನು ಗೋಡೆಯನ್ನು ಬೆರಳಿಂದ ಅದುಮಿ ನೋಡಿದ; ಒಳ್ಳೆಯ ಮಾಲು. ತಲೆಗೆ ಹೆಡ್‌ಫೋನು ಹಾಕಿ, ಕೈಗೊಂದು ಗುಂಡಿ ಕೊಟ್ಟಳು.

"ಕುಂಯ್ ಅಂತ ಶಬ್ದ ಬಂದಾಗೆಲ್ಲ ಒತ್ತಿ ಅಂಕಲ್. ಎಷ್ಟೇ ಸಣ್ಣದಿದ್ರೂ."

ಬಾಗಿಲು ಮುಚ್ಚಿತು. ಬೋರಲಣ್ಣನ ತಲೆ ಓಡತೊಡಗಿತು. ಇವರು ಇರುವೆಗೂ ಕೇಳದಂಥ ಶಬ್ದ ಮಾಡಿ, ನಿನಗೆ ಕಿವುಡು ಎಂದು ಹೇಳಿ, ಯಂತ್ರ ಕಟ್ಟಿ ಕಳಿಸುವ ಹೂಟ. ಸಿಕ್ಕಿಬೀಳಬಾರದು. ಶಬ್ದ ಕೇಳಿದಾಗ ಒತ್ತಿದ, ಕೇಳದಿದ್ದಾಗಲೂ ಮಧ್ಯೆ ಮಧ್ಯೆ ಒಂದೊಂದು ಒತ್ತಿಬಿಟ್ಟ.

ಹುಡುಗಿ ಬಾಗಿಲು ತೆರೆದಳು. ನಗು ಅವಳ ತುಟಿಯ ಅಂಚಿಗೆ ಬಂದು ನಿಂತಿತ್ತು.

"ಅಂಕಲ್, ನಾನು ಶಬ್ದಾನೇ ಕೊಡದೆ ಇದ್ದಾಗಲೂ ಒತ್ತಿದ್ರಲ್ಲ?"

"ನೀನು ಕೊಟ್ಟು, ನನಗೆ ಕೇಳಿಸದೆ ಇದ್ರೆ ಅಂತ ಒತ್ತಿದೆ ತಾಯಿ."

"ಕೇಳಿಸದೆ ಇದ್ರೆ ಒತ್ತಬಾರದು ಅಂಕಲ್. ಪರೀಕ್ಷೆ ಇರೋದೇ ಅದಕ್ಕೆ. ಇನ್ನೊಂದ್ಸಲ ಮಾಡೋಣ."

ಎರಡನೆಯ ಸಲ ನೆಟ್ಟಗೆ ಒತ್ತಿದ. ಅವಳು ಕಾಗದದ ಮೇಲೆ ಮೂಡಿದ ಗೆರೆಗಳನ್ನು ನೋಡಿ, ಕಿವಿ ಚೆನ್ನಾಗಿದೆ, ಹೊರಡಬಹುದು ಎಂದಳು.

"ಯಂತ್ರ ಏನೂ ಮಾರಲ್ವಾ ನೀನು?"

"ಚೆನ್ನಾಗಿರೋ ಕಿವಿಗೆ ಯಾಕೆ ಮಾರ್ಲಿ?"

ಬೋರಲಣ್ಣನಿಗೆ ಕಾಲ ಕೆಳಗಿನ ಹಲಗೆ ಸರಿದಂತಾಯಿತು. ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವ ಅಂಗಡಿಯನ್ನು ಅವನು ಕಂಡಿರಲಿಲ್ಲ. ಇನ್ನು ನಾಟಕ ಸಾಕೆನಿಸಿತು. ತಾನು ಯಾರು, ಏತಕ್ಕೆ ಬಂದೆ ಎಂದು ಹೇಳಿ, ಹುಟ್ಟಿದಾರಭ್ಯ ಕೇಳದ ಪ್ರಶ್ನೆಯನ್ನು ನಾಲಿಗೆಗೆ ತಂದ.

"ಆ ಕುರ್ಚಿಗಳನ್ನ ಯಾಕಮ್ಮ ಮಾರಿದ್ರಿ?"

"ಅಯ್ಯೋ, ಅವು ನಿಮ್ಮ ಹತ್ರ ಬಂದ್ವಾ? ಯಾರು ಅಲುಗಾಡಿದ್ರೂ ಕಿರ್ರ್ ಅಂತಿದ್ವು ಅಂಕಲ್. ಕಿವಿ ಪರೀಕ್ಷೆ ಮಾಡೋ ಜಾಗದಲ್ಲಿ ಕುರ್ಚಿನೇ ಮಾತಾಡಿದ್ರೆ ಏನು ಗತಿ? ಹಳೇ ಜಾಗವೂ ಸಾಲ್ತಿರ್ಲಿಲ್ಲ, ಎಲ್ಲಾ ಹೊಸದು ಮಾಡ್ಕೊಂಡು ಇಲ್ಲಿಗೆ ಬಂದ್ವಿ."

ಇವಳ ಬಾಯಿಂದ ನಿಜ ಬರುತ್ತಿರುವಾಗಲೇ ಎಲ್ಲ ಕೇಳಿಬಿಡಬೇಕು. ಕೆಲಸ ಸಿಗುತ್ತದೆಯೇ? ಸಾಲ ಮಾಡಿ ಓದಿದರೆ ತೀರೀತೇ? ಹುಡುಗಿ ಮುಚ್ಚಿಡದೆ ಹೇಳಿದಳು. ಕೆಲಸಕ್ಕೆ ಕೊರತೆಯಿಲ್ಲ, ಕರೆಯುವವರೂ ಇದ್ದಾರೆ. ಆದರೆ ಮೊದಮೊದಲು ಸಂಬಳ ಸಣ್ಣದು. ತಾನು ಖಾಸಗಿ ಕಾಲೇಜಿನಲ್ಲಿ ಸಾಲ ಮಾಡಿ ಓದಿದವಳು, ಕೈಗೆ ಬಂದದ್ದರಲ್ಲಿ ಅರ್ಧ ಇನ್ನೂ ಬ್ಯಾಂಕಿಗೇ ಹೋಗುತ್ತದೆ, ಊರಿನಲ್ಲಿ ಅಪ್ಪ ಸಾಲಕ್ಕೆ ಅಡವಿಟ್ಟ ಮನೆಯ ಪತ್ರದ ಯೋಚನೆಯಲ್ಲೇ ಇದ್ದಾನೆ.

"ನನಗೊಬ್ಬ ತಂಗಿ ಇದ್ದಿದ್ರೆ ಸರ್ಕಾರಿ ಕಾಲೇಜಿಗೆ ಪ್ರವೇಶ ಪರೀಕ್ಷೆ ಬರಿ ಅಂತಿದ್ದೆ. ಅಲ್ಲೂ ಇದೇ ಓದು. ಫೀಸು ಅಂದ್ರೆ ಏನೂ ಇಲ್ಲ. ಸೀಟು ಬಹಳ ಕಡಿಮೆ. ಈ ವರ್ಷದ್ದು ಆಗಿಹೋಯ್ತು, ಇನ್ನು ಬರೋ ವರ್ಷವೇ."

ಮೆಟ್ಟಿಲಿಳಿದವನು ನೆಟ್ಟಗೆ ಭಾವಮೈದನ ಕಾಲೇಜಿಗೆ ಹೋದ.

"ಸರ್ಕಾರಿ ಕಾಲೇಜಲ್ಲೂ ಇದೇ ಓದು ಇದೆ ಅಂತ ಯಾಕೆ ಬಾಯಿ ಬಿಡಲಿಲ್ಲ?"

ಭಾವಮೈದ ಅತ್ತಿತ್ತ ನೋಡಿದ. "ನೀವು ಕೇಳಲಿಲ್ಲ ಭಾವ."

"ಒಂದು ತಲೆ ಸೇರಿಸಿದ್ರೆ ನಿನಗೆಷ್ಟು ಕೊಡ್ತಾರೆ?"

"ಏನೋ ಒಂದಿಷ್ಟು ಕೊಡ್ತಾರೆ," ಎಂದು ಅವನು ಕತ್ತು ಕೆರೆದುಕೊಂಡ. "ಅದರಲ್ಲಿ ಪುಟ್ಟಿಗೇ ಒಂದು ಗಡಿಯಾರ ಕೊಡಿಸೋಣ ಅಂತಿದ್ದೆ."

"ನನ್ನ ಅಂಗಡಿ ಮಾರಿ ನನ್ನ ಮಗಳಿಗೆ ಗಡಿಯಾರ. ನಿನ್ನ ಉದಾರ ಬುದ್ಧಿಗೆ ಏನು ಹೇಳ್ಲಿ."

ಅನುಮಾನ ನಿಜವಾಯಿತೆಂದು ಬೋರಲಣ್ಣನಿಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಭಾವಮೈದನನ್ನು ಬೋರಲು ಹಾಕಿ ಹೊಟ್ಟೆ ನೋಡಿದ್ದಾಯಿತು, ತನ್ನದನ್ನೂ ನೋಡಿಕೊಂಡದ್ದಾಯಿತು. ಎರಡರಲ್ಲೂ ಗೆದ್ದಲು.

ಮನೆಗೆ ಬಂದಾಗ ಮಗಳು ಕಿಟಕಿಯ ಬಳಿ ಬಟ್ಟೆ ಮಡಿಸುತ್ತಿದ್ದಳು. ಅವನು ಒಂದನ್ನೂ ಬಿಡದೆ ಹೇಳಿದ. ಕೇಂದ್ರ ಮುಚ್ಚಿಲ್ಲ, ಬೆಳೆದಿದೆ. ತನ್ನ ಲೆಕ್ಕ ತಪ್ಪು. ಕೆಲಸವಿದೆ, ಸಂಬಳ ಮೊದಲು ಸಣ್ಣದು. ಸಾಲದ ಹುಡುಗಿಯ ಕಥೆ ಹೀಗೆ. ಸರ್ಕಾರಿ ಕಾಲೇಜು ಹಾಗೆ, ಒಂದು ವರ್ಷ ಕಾಯಬೇಕು.

ಮಗಳು ಮಡಿಸುವುದನ್ನು ನಿಲ್ಲಿಸಲಿಲ್ಲ. "ಒಂದು ವರ್ಷ ಕಾಯಿ ಅಂದ್ರೆ ಅಷ್ಟರಲ್ಲಿ ಮರೀತಾಳೆ ಅಂತ. ಅಲ್ವಾ ಅಪ್ಪ?"

"ಇಲ್ಲವ್ವ."

"ಆ ಹುಡುಗಿ ಇದಾಳೆ ಅಂತ ನಾನು ಹೇಗೆ ನಂಬ್ಲಿ?"

ಹೆಂಡತಿ ಬಾಗಿಲಲ್ಲಿ ನಿಂತು, "ನೀವು ಬಿತ್ತಿದ್ದು, ನೀವೇ ಕುಯ್ಕೊಳ್ಳಿ" ಎಂದಳು.

ಬೋರಲಣ್ಣ ಅಂಗಳಕ್ಕೆ ಹೋಗಿ ಬಂದ. ಆಮೇಲೆ ಒಂದು ಮಾತು ಕೇಳಿದ, ಅದನ್ನೂ ಅವನು ಇದುವರೆಗೆ ಕೇಳಿರಲಿಲ್ಲ. "ನಿನಗೆ ಅದು ಯಾಕಿಷ್ಟ?"

ಮಗಳ ಕೈ ನಿಂತಿತು. ಶಾಲೆಯಲ್ಲಿ ತನ್ನ ಪಕ್ಕ ಕೂರುತ್ತಿದ್ದ ಹುಡುಗಿಗೆ ಒಂದು ಕಿವಿ ಕೇಳುವುದಿಲ್ಲ, ಇನ್ನೊಂದಕ್ಕೆ ಯಂತ್ರ ಎಂದಳು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಹೇಳಿದ್ದೆಲ್ಲ ಅವಳಿಗೆ ತಪ್ಪಿಹೋಗುತ್ತಿತ್ತು. ತಾನು ತುಟಿಯಾಡಿಸಿ ಅವಳಿಗೆ ಮತ್ತೆ ಹೇಳುತ್ತಿದ್ದಳಂತೆ. "ಅವಳು ಪಾಸಾದಾಗ ನನಗೆ ನನ್ನ ಮಾರ್ಕ್ಸಿಗಿಂತ ಖುಷಿ ಆಯ್ತು. ಅಷ್ಟೇ. ನೀನು ನಗ್ತೀಯ ಅಂತ ಹೇಳಿರ್ಲಿಲ್ಲ."

ಬೋರಲಣ್ಣ ನಗಲಿಲ್ಲ. ದೊಡ್ಡ ರಸ್ತೆಯ ಔಷಧಿ ಅಂಗಡಿಯ ಗುರುತು ಹೇಳಿದ. "ನೀನೇ ಹೋಗಿ ಕೇಳು. ನಾನು ಬರಲ್ಲ. ನಾನಿದ್ರೆ ಅವಳು ನನ್ನ ಮುಖ ನೋಡಿ ಮಾತಾಡ್ತಾಳೆ ಅನ್ನೋ ಅನುಮಾನ ನಿನಗೆ ಉಳೀತದೆ."

ಮರುದಿನ ಮಗಳು ಹೋದಳು. ಅಂಗಡಿಯಲ್ಲಿ ಬೋರಲಣ್ಣ ಬಂದ ಗಿರಾಕಿಗಳಿಗೆ ಬೆಲೆ ತಪ್ಪು ತಪ್ಪಾಗಿ ಹೇಳಿದ. ಮಧ್ಯಾಹ್ನ ಕಳೆದ ಮೇಲೆ ಮಗಳು ಮನೆಗೆ ಹೋಗದೆ ಅಂಗಡಿಗೇ ಬಂದಳು, ಅಮ್ಮನನ್ನೂ ಕರೆದುಕೊಂಡು.

"ನೀನು ಹೇಳಿದ್ದೆಲ್ಲ ನಿಜ," ಎಂದಳು. "ಪ್ರವೇಶ ಪರೀಕ್ಷೆ ಬರೀತೀನಿ. ಕೇಂದ್ರದ ಆ ಅಕ್ಕ ಪುಸ್ತಕ ಕೊಡ್ತೀನಿ ಅಂದಿದ್ದಾಳೆ. ಈ ವರ್ಷ ಮಾವನ ಕಾಲೇಜು ಬೇಡ."

ಬೋರಲಣ್ಣನ ಎದೆ ಹಗುರಾಗುವಷ್ಟರಲ್ಲಿ ಅವಳು ಮುಂದುವರಿಸಿದಳು. "ಆದ್ರೆ ಸೀಟು ಸಿಗದೆ ಹೋದ್ರೆ? ಆಗ ಲೆಕ್ಕಪತ್ರ ಓದು ಅಂತೀಯಾ?"

ಅವನು ಅಂಗಡಿಯನ್ನೊಮ್ಮೆ ನೋಡಿದ. ಸೂರಿನ ತಗಡು, ಗೋಡೆಯಂಚಿಗೆ ಒರಗಿಸಿದ ಮೇಜುಗಳು, ಹಗಲೆಲ್ಲ ತಾನು ನಿಂತು ಸವೆದ ನೆಲ. ಹೆಂಡತಿ ಸೆರಗಿನಂಚು ಬೆರಳಿಗೆ ಸುತ್ತಿಕೊಂಡು ಕಾದಳು. ಸುಳ್ಳು ಹೇಳುವುದು ಸುಲಭವಿತ್ತು. ಒಂದು ವರ್ಷದಲ್ಲಿ ಎಷ್ಟೋ ನೀರು ಹರಿಯುತ್ತದೆ.

"ಸಿಗದೆ ಹೋದ್ರೆ ಅಂಗಡಿ ಪತ್ರ ಇಡ್ತೀನಿ," ಎಂದ. "ನೀನು ಅದನ್ನೇ ಓದು."

ಮಗಳು ಅವನ ಕಣ್ಣನ್ನೇ ನೋಡುತ್ತಿದ್ದಳು, ನೆಟ್ಟ ನೋಟ.

"ಅಮ್ಮನ ಮುಖ ನೋಡಿ ಇನ್ನೊಂದ್ಸಲ ಹೇಳು."

ಬೋರಲಣ್ಣ ಹೆಂಡತಿಯ ಕಡೆ ತಿರುಗಿ ಇನ್ನೊಮ್ಮೆ ಹೇಳಿದ.