ಬಾಗಿಲಲ್ಲಿ ಕೂಗಿದ ಹೆಸರು

ನ್ಯಾಯಾಲಯದ ಹೊರಗೆ, ನನ್ನ ಜೆರಾಕ್ಸ್ ಯಂತ್ರದ ಪಕ್ಕದಲ್ಲೇ ಟೈಪಕ್ಕನ ಮೇಜು. ಅರ್ಜಿ ಟೈಪ್ ಮಾಡುವುದು ಅವಳ ಕಸುಬು, ವಕೀಲರ ಲ್ಯಾಟಿನ್ನನ್ನು ಬಿಡಿಸಿ ಹೇಳುವುದು ಅವಳ ಚಟ. ಕಬ್ಬಿಣದ ಕಡಲೆಯನ್ನೂ ಬೇಯಿಸಿ ಕೊಡುವ ಕೈ ಅದು.

“ಸ್ಟೇಟಸ್ ಕೋ ಅಂದ್ರೆ ಇದ್ದದ್ದು ಇದ್ದ ಹಾಗೇ ಇರ್ಲಿ ಅಂತ. ಅಫಿಡವಿಟ್ ಅಂದ್ರೆ ಆಣೆ ಮಾಡಿ ಬರ್ಕೊಡೋ ಮಾತು, ಸುಳ್ಳು ಸೇರಿಸ್ಬೇಡಿ. ಎಕ್ಸ್ ಪಾರ್ಟೆ ಅಂದ್ರೆ ನೀವು ಬರ್ಲಿಲ್ಲ, ಬಂದವರ ಮಾತಷ್ಟೇ ಕೇಳಿ ತೀರ್ಪು ಕೊಟ್ರು ಅಂತ. ಅದಕ್ಕೇ, ಯಾರು ಏನೇ ಹೇಳ್ಲಿ, ತಾರೀಕು ತಪ್ಪಿಸ್ಬೇಡಿ.”

ಅವಳಿಗೆ ಒಬ್ಬ ತಮ್ಮ. ಅವನನ್ನು ಎತ್ತಿ ಆಡಿಸಿದವಳೂ ಓದಿಸಿದವಳೂ ಅವಳೇ. ಅಮ್ಮ ತೀರಿಕೊಂಡ ಮೇಲೆ ಎರಡು ಕೋಣೆಯ ಮನೆ ಇಬ್ಬರದೂ ಆಗಬೇಕಿತ್ತು. ಅವಳು ಇರುವುದೂ ಅಲ್ಲೇ. ಒಂದು ದಿನ ಅವಳಿಗೆ ಸಮನ್ಸ್ ಬಂತು. ಮನೆ ಪೂರ್ತಿ ತನ್ನದೆಂದು ತಮ್ಮ ದಾವೆ ಹಾಕಿದ್ದ. ಕೇಳಿದರೆ ನಕ್ಕ.

“ಅದು ಬರೀ ಶಾಸ್ತ್ರಕ್ಕೆ ಅಕ್ಕ. ಅಮ್ಮನ ಹೆಸರಿಂದ ಕಾಗದ ಬದಲಾಗ್ಬೇಕಲ್ಲ. ಆಮೇಲೆ ನಿನ್ನ ಭಾಗ ಬರ್ಕೊಡ್ತೀನಿ. ನೀನು ಕೋರ್ಟ್ ಒಳಗೆ ಬರೋದು ಬೇಡ, ಸುಮ್ನೆ ಜನ ಆಡ್ಕೋತಾರೆ.”

ದೀಪದ ಬುಡದಲ್ಲೇ ಕತ್ತಲೆ. ಊರಿಗೆಲ್ಲ ಹೇಳಿದ್ದನ್ನು ಅವಳು ತನಗೆ ಹೇಳಿಕೊಳ್ಳಲಿಲ್ಲ.

ತಾರೀಕಿನ ದಿನ ಕೋರ್ಟಿನ ಜವಾನ ಬಾಗಿಲಲ್ಲಿ ನಿಂತು, ಪದ್ಧತಿಯಂತೆ, ಒಂದು ಹೆಸರನ್ನು ಮೂರು ಸಲ ಕೂಗಿದ. ದಿನಾ ಅವಳ ಜೊತೆ ಚಹಾ ಕುಡಿಯುವವನೇ. ಅದು ನಮ್ಮ ಟೈಪಕ್ಕನ ಹೆಸರೆಂದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅವಳು ತಲೆ ಎತ್ತದೆ ಟೈಪ್ ಮಾಡುತ್ತಲೇ ಇದ್ದಳು.

ತೀರ್ಪು ಕೈಗೆ ಬಂದದ್ದೇ ತಡ, ತಮ್ಮ ಮನೆಯ ಬೀಗ ಬದಲಿಸಿದ. ಅವಳ ಹಾಸಿಗೆ, ಪಾತ್ರೆ ಹೊರಗಿನ ಮೆಟ್ಟಿಲ ಮೇಲಿದ್ದವು. ಉಂಡ ಮನೆಗೆ ಎರಡು ಬಗೆಯುವವರನ್ನು ಇಲ್ಲಿ ಕೂತು ಬೇಕಾದಷ್ಟು ನೋಡಿದ್ದೇನೆ. ಇವನು ಅವರನ್ನೂ ಮೀರಿಸಿದ.

ತೀರ್ಪು ರದ್ದು ಮಾಡಿಸಲು ದಾರಿಯೇನೋ ಇತ್ತು. ಯಾಕೆ ಬರಲಿಲ್ಲ ಎಂಬುದಕ್ಕೆ ಕೋರ್ಟು ಒಪ್ಪುವ ಕಾರಣವನ್ನು ಅಫಿಡವಿಟ್ಟಿನಲ್ಲಿ ಕೊಡಬೇಕು, ಅಷ್ಟೇ.

“ಜ್ವರ ಅಂತ ಹಾಕಮ್ಮ,” ಎಂದರು ವಕೀಲರು. “ಎಲ್ಲರೂ ಅದನ್ನೇ ಹಾಕೋದು. ಈ ಕೋರ್ಟಲ್ಲಿ ತಾರೀಕಿನ ದಿನ ಜ್ವರ ಬರದವರೇ ಇಲ್ಲ.”

“ಆಣೆ ಇದೆಯಲ್ಲ ಸಾರ್,” ಎಂದಳು.

ತಾನೇ ಕೂತು ಟೈಪ್ ಮಾಡಿದಳು. ಕಾರಣ ಹೇಳುವ ಜಾಗವನ್ನು ಖಾಲಿ ಬಿಟ್ಟು ಮಿಕ್ಕದ್ದನ್ನೆಲ್ಲ ಮೊದಲು ಹೊಡೆದಳು. ಆಮೇಲೆ ಅದನ್ನೂ ಮುಗಿಸಿ, ಪ್ರತಿ ತೆಗೆಯಲು ಹಾಳೆಯನ್ನು ನನಗೆ ಕೊಟ್ಟು ಆಚೆ ತಿರುಗಿ ಕೂತಳು. ಓದಿದೆ.

“ನನ್ನ ಹೆಸರು ಕೂಗಿದ್ದು ನನಗೆ ಕೇಳಿಸಿತು. ಬರಬೇಡ ಎಂದು ನನ್ನ ತಮ್ಮ ಹೇಳಿದ್ದ.”