ಹನ್ನೆರಡು ಎಂಬಿಯ ಕುಚ್ಚು

ಬನ್ನಿಮಂಟಪದ ಆ ಅಡ್ಡರಸ್ತೆಯಲ್ಲಿ ನೀಲಮ್ಮನ ಮನೆ ಯಾವುದೆಂದು ಕೇಳಿದರೆ ಯಾರೂ ಮನೆ ನಂಬರು ಹೇಳುವುದಿಲ್ಲ. "ಕಿಟಕಿ ಸರಳಿಗೆ ಬಣ್ಣಬಣ್ಣದ ದಾರ ಕಟ್ಟಿರ್ತಾರಲ್ಲ, ಅದೇ" ಎನ್ನುತ್ತಾರೆ. ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದು ಅವಳ ಕೆಲಸ. ಮದುವೆಯಾಗಿ ಊರಿಗೆ ಬಂದ ಹೊಸದರಲ್ಲಿ ಪಕ್ಕದ ಮನೆಯಾಕೆ ಹೊತ್ತು ಹೋಗಲೆಂದು ಕಲಿಸಿಕೊಟ್ಟದ್ದು. ಹೊತ್ತು ಹೋಗಿ ಹೋಗಿ ಇಪ್ಪತ್ತಾರು ವರ್ಷವಾಯಿತು.

ಅಷ್ಟೂ ವರ್ಷ ಅವಳು ಕಟ್ಟಿದ್ದು ಪೇಟೆಯ ಒಂದು ಸೀರೆ ಅಂಗಡಿಗೆ. ಮದುವೆಮನೆಯಲ್ಲಿ ಯಾರಾದರೂ ಸೆರಗು ಹಿಡಿದು "ಎಲ್ಲಿ ಹಾಕ್ಸಿದ್ರಿ ಕುಚ್ಚು?" ಎಂದರೆ ಅಂಗಡಿಯ ಹೆಸರು ಬರುತ್ತಿತ್ತು. ಒಮ್ಮೆ ಊಟದ ಪಂಕ್ತಿಯಲ್ಲಿ ಪಕ್ಕ ಕೂತ ಹೆಂಗಸು ನೀಲಮ್ಮನ ಕುಚ್ಚನ್ನೇ ನೀಲಮ್ಮನಿಗೆ ತೋರಿಸಿ, "ನೋಡಿ, ಇಂಥಾದ್ದು ಎಲ್ಲೂ ಸಿಗಲ್ಲ" ಎಂದಳು. ನೀಲಮ್ಮ "ಹೌದಾ" ಎಂದು ಹೋಳಿಗೆ ಮುರಿದಳು. ಆ "ಹೌದಾ" ಮನೆಗೆ ಬಂದ ಮೇಲೂ ಅವಳನ್ನು ಬಿಡಲಿಲ್ಲ.

ಅದಕ್ಕೇ, ಮಹಡಿ ಮೇಲೆ ಬಾಡಿಗೆಗಿರುವ ಸುಚಿತ್ರಾ "ಆಂಟಿ, ನಿಮ್ಮ ಹೆಸರಲ್ಲೇ ಒಂದು ವೆಬ್‌ಸೈಟ್ ಮಾಡಿಕೊಡ್ಲಾ?" ಎಂದಾಗ ಅವಳು ಒಂದೇ ಮಾತಿಗೆ ಒಪ್ಪಿದ್ದು. ಸುಚಿತ್ರಾ ಹೆಬ್ಬಾಳದ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುವವಳು. ಹತ್ತು ತಿಂಗಳ ಮಗಳು ವರ್ಷಿಣಿ ನಿದ್ದೆ ಮಾಡಿದಾಗ ಕಂಪನಿಯ ಕೆಲಸ, ಎದ್ದಿದ್ದಾಗ ವರ್ಷಿಣಿಯ ಕೆಲಸ. ನಡುವೆ ಮಗುವನ್ನು ಕೆಳಗೆ ನೀಲಮ್ಮನ ಮಡಿಲಿಗೆ ಹಾಕಿ ಅರ್ಧ ಗಂಟೆ ಉಸಿರು ಬಿಡುವುದುಂಟು. ಹಲ್ಲು ಬರುತ್ತಿದ್ದ ವರ್ಷಿಣಿಗೆ ರೇಷ್ಮೆ ದಾರದ ಉಂಡೆಯಷ್ಟು ರುಚಿಯಾದದ್ದು ಲೋಕದಲ್ಲಿ ಬೇರೆ ಇರಲಿಲ್ಲ. ಮಣಿಯ ಡಬ್ಬಗಳೆಲ್ಲ ಆಗಲೇ ಅಟ್ಟ ಸೇರಿದ್ದವು.

ಫೋಟೋ ತೆಗೆಯುವುದು ಮಾತ್ರ ತನ್ನದೇ ಕೆಲಸ ಎಂದು ನೀಲಮ್ಮ ಪಟ್ಟು ಹಿಡಿದಳು. ಫೋನಿನಲ್ಲಿ ಫೋಟೋದ ಅತಿ ದೊಡ್ಡ ಅಳತೆ ಯಾವುದೋ ಅದನ್ನೇ ಆರಿಸಿಕೊಂಡಳು. ತನ್ನ ಮಗಳ ಬಾಣಂತನಕ್ಕೆಂದು ತೆಗೆದಿಟ್ಟಿದ್ದ, ಬಳ್ಳಿ, ಹೂವು, ನವಿಲು ಎಲ್ಲ ಇದ್ದ ಬೆಡ್‌ಶೀಟನ್ನು ಹಾಸಿ, ಅದರ ಮೇಲೆ ಸೀರೆ ಹರಡಿದಳು. ಆಮೇಲೆ ಒಂದು ಹಿಡಿ ಅಕ್ಷತೆ. ಅಕ್ಷತೆ ಹಾಕದೆ ಯಾರ ಮದುವೆಯ ಸೀರೆಯನ್ನೂ ಅವಳು ಬಿಚ್ಚಿದವಳಲ್ಲ. ಕೆಲಸ ಶುರು ಮಾಡುವಾಗ ಒಂದು ಸಲ, ಮುಗಿದಾಗ ಒಂದು ಸಲ. ಅರಿಶಿನದ ಆ ಅಕ್ಕಿಕಾಳುಗಳು ನವಿಲಿನ ಮೇಲೂ ಬಳ್ಳಿಯ ಮೇಲೂ ಸೆರಗಿನ ಮೇಲೂ ಚೆಲ್ಲಿರುತ್ತಿದ್ದವು. ಹೀಗೆ ಇಪ್ಪತ್ತನಾಲ್ಕು ಫೋಟೋ ಸುಚಿತ್ರಾಳ ಕೈಯಿಂದ ವೆಬ್‌ಸೈಟ್ ಸೇರಿದವು.

ಅಷ್ಟರಲ್ಲಿ ನಂಜನಗೂಡಿನ ಕಡೆಯಿಂದ ಮಂಗಳಮ್ಮ ಎಂಬಾಕೆಯ ಫೋನು ಬಂತು. ಮಗನ ಮದುವೆ, ಒಂಬತ್ತು ಸೀರೆ. "ನೀಲಮ್ಮೋರೆ, ನಿಮ್ಮದೇ ವೆಬ್‌ಸೈಟ್ ಅದೆಯಂತಲ್ಲ, ಅದ್ರಲ್ಲೇ ನೋಡಿ ಆರಿಸ್ತೀನಿ. ಭಾನುವಾರದೊಳಗೆ ಹೇಳ್ಬುಡ್ತೀನಿ. ಹೊಂದ್ಲಿಲ್ಲ ಅಂದ್ರೆ ಪೇಟೆ ಅಂಗಡೀಲಿ ಕೊಟ್ಬುಡ್ತೀವಿ."

ಪೇಟೆ ಅಂಗಡಿ ಯಾವುದೆಂದು ನೀಲಮ್ಮ ಕೇಳಲಿಲ್ಲ. ಕೇಳಬೇಕಾದ ಅಗತ್ಯವೂ ಇರಲಿಲ್ಲ. ಅಲ್ಲಿಗೆ ಕೊಟ್ಟರೆ ಆ ಒಂಬತ್ತು ಸೀರೆ ಚೀಲದಲ್ಲಿ ಕೂತು ಇವಳ ಮನೆಗೇ ಬರುತ್ತಿದ್ದವು. ಹೋಗುವಾಗ ಮಾತ್ರ ಅಂಗಡಿಯ ಹೆಸರು ಹೊತ್ತು ಹೋಗುತ್ತಿದ್ದವು.

ಗುರುವಾರ ಮಧ್ಯಾಹ್ನ ಮಂಗಳಮ್ಮ ಮತ್ತೆ ಫೋನು ಮಾಡಿದಳು. "ಮಾಳಿಗೆ ಹತ್ತಿ ನಿಂತ್ಕಂಡಿವ್ನಿ ಕಣ್ರೀ. ಸಿಗ್ನಲ್ ಇಲ್ಲೇ ಸಿಗೋದು. ಚಕ್ರ ತಿರುಗ್ತಾನೇ ಅದೆ, ನಿಮ್ ಅಂಗಡಿ ಬಾಗ್ಲೇ ತೆಗೀತಿಲ್ವಲ್ಲ! ಬಿಸ್ಲಿಗೆ ನನ್ ತಲೆ ತಿರುಗ್ತಾ ಅದೆ."

ಗಂಡ ನಂಜಯ್ಯ ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಶಿಫ್ಟಿನ ಕೆಲಸದವನು. ಸಂಜೆ ಬಂದವನೇ ಚಪ್ಪಲಿ ಬಿಡುವ ಮೊದಲೇ ವರದಿ ಒಪ್ಪಿಸಿದ. "ಲೇ ನೀಲಾ, ಬೆಳಗ್ಗೆ ಬಸ್ ಹತ್ತಿದಾಗ ನಿನ್ನ ಸೈಟ್ ಒತ್ದೆ. ಸೀಟು ಸಿಕ್ತು, ಟಿಕೆಟ್ ತಗೊಂಡೆ, ಒಂದು ಸಣ್ಣ ನಿದ್ದೇನೂ ಆಯ್ತು. ಹೆಬ್ಬಾಳದಲ್ಲಿ ಇಳಿಯೋ ಹೊತ್ಗೆ ಒಂದು ನವಿಲಿನ ಜುಟ್ಟು ಬಂದಿತ್ತು. ಕುಚ್ಚು ಬರೋಷ್ಟ್ರಲ್ಲಿ ನಾನು ರಿಟೈರ್ ಆಗ್ಬುಡ್ತೀನಿ."

"ನಿಮ್ ಫೋನು ಹಳೇದು."

"ಫೋನು ನನಗಿಂತ ಹೊಸದು ಕಣೇ!"

ನೀಲಮ್ಮ ನೇರ ಮಹಡಿ ಹತ್ತಿದಳು. ಸುಚಿತ್ರಾ ಮಗಳಿಗೆ ರಾಗಿ ಸರಿ ತಿನ್ನಿಸುತ್ತ ಲ್ಯಾಪ್‌ಟಾಪ್ ನೋಡಿ ನಾಲಗೆ ಕಚ್ಚಿಕೊಂಡಳು. "ತಪ್ಪು ನಂದೇ ಆಂಟಿ. ಇವಳು ಅಳ್ತಿದ್ಲು, ಆಮೇಲೆ ಹಗುರ ಮಾಡಿದ್ರಾಯ್ತು ಅಂತ ನೀವು ಕಳ್ಸಿದ್ದನ್ನ ಹಂಗೇ ಹಾಕ್ಬಿಟ್ಟೆ. ಒಂದೊಂದು ಫೋಟೋ ಹನ್ನೆರಡು ಎಂಬಿ ಇದೆ. ಫೋನಿನ ಪರದೆ ಅಂಗೈಯಷ್ಟು. ನಾವು ಗೋಡೆಯಷ್ಟು ಕಳಿಸ್ತಿದ್ದೀವಿ."

"ಸಣ್ಣ ಮಾಡಿದ್ರೆ ನನ್ ಗಂಟು ಕಾಣ್ಬೇಕಲ್ಲಮ್ಮ?"

"ನೋಡೋಣ ಇರಿ" ಎಂದ ಸುಚಿತ್ರಾ, ಒಂದು ಕೈಯಲ್ಲಿ ಚಮಚ ಹಿಡಿದೇ ಅಷ್ಟೂ ಫೋಟೋಗಳ ಅಳತೆ ಇಳಿಸಿ, ಚೆನ್ನಾಗಿ ಒತ್ತಿ ಹಿಂಡಿದಳು. ಪುಟ ಚಕ್ಕನೆ ತೆರೆಯಿತು. ನೀಲಮ್ಮ ಕನ್ನಡಕ ಏರಿಸಿ ಬಗ್ಗಿ ನೋಡಿದಳು. ಮಣಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಕ್ರೋಶಾ ಕಡ್ಡಿಯಲ್ಲಿ ಹೆಣೆದ ಹೂವು ಬರೀ ಚೌಕ ಚೌಕವಾಗಿತ್ತು. ಅಕ್ಷತೆ ಯಾವುದು, ಮುತ್ತು ಯಾವುದು ತಿಳಿಯದು.

"ಇದು ಕುಚ್ಚಾ?" ಎಂದಳು. "ಮೆಂತ್ಯ ಸೊಪ್ಪಿನ ಕಟ್ಟು ಕಣಮ್ಮ ಇದು. ಇದರ ಕೆಳಗೆ ನನ್ ಹೆಸರು ಹಾಕ್ಬೇಡ. ಹೆಸರಿಲ್ದೆ ಇಪ್ಪತ್ತಾರು ವರ್ಷ ಇದ್ದೆ, ಇನ್ನೂ ಇರ್ತೀನಿ."

ಸುಚಿತ್ರಾ ಚಮಚ ಕೆಳಗಿಟ್ಟಳು. ವರ್ಷಿಣಿ ಕೂಡಲೇ ಅದನ್ನು ಎತ್ತಿಕೊಂಡು ಸರಿಯನ್ನು ತನ್ನ ಕೂದಲಿಗೆ ಹಚ್ಚಿಕೊಂಡಳು. ಇಬ್ಬರೂ ಸೇರಿ ಅವಳ ತಲೆ ಒರೆಸಿದರು. ಆಮೇಲೆ ಸುಚಿತ್ರಾ ಮೊದಲಿನ ಫೋಟೋಗಳನ್ನು ಸಾಲಾಗಿ ತೆರೆದು, ಪಕ್ಕದಲ್ಲಿ ಒಂದೊಂದರ ತೂಕ ಕಾಣುವಂತೆ ಮಾಡಿದಳು. ನೀಲಮ್ಮ ಬೆರಳಿಟ್ಟು ಓದುತ್ತ ಹೋದಳು. ಹನ್ನೆರಡು, ಹದಿಮೂರು, ಹನ್ನೆರಡು, ಹನ್ನೊಂದು. ಬೆರಳು ಒಂದು ಕಡೆ ನಿಂತಿತು.

"ಇದ್ಯಾಕಮ್ಮ ಬರೀ ಮೂರು?"

ಹನ್ನೊಂದನೆಯ ಫೋಟೋ. ಮಾವಿನ ಎಲೆ ಹಸಿರಿನ ಸೀರೆ, ಕೆಳಗೆ ಅಪ್ಪಟ ನೀಲಿ ಬಟ್ಟೆ. ನವಿಲಿಲ್ಲ, ಬಳ್ಳಿಯಿಲ್ಲ, ಅಕ್ಷತೆಯೂ ಇಲ್ಲ.

"ಅಳತೆ ಒಂದೇ ಇದೆಯಲ್ಲ" ಎಂದು ಸುಚಿತ್ರಾ ಹತ್ತಿರ ಸರಿದಳು. "ಗೊತ್ತಾಯ್ತು ಆಂಟಿ! ಒಂದೇ ಬಣ್ಣ ಇದ್ರೆ ಕಂಪ್ಯೂಟರ್ 'ಇಲ್ಲಿಂದ ಅಲ್ಲೀವರೆಗೆ ನೀಲಿ' ಅಂತ ಒಂದೇ ಮಾತಲ್ಲಿ ಮುಗಿಸುತ್ತೆ. ನಿಮ್ ಬೆಡ್‌ಶೀಟ್ ಆದ್ರೆ ಎಲೆ ಎಲೆ, ಅಕ್ಕಿಕಾಳು ಅಕ್ಕಿಕಾಳು ಎಣಿಸ್ತಾ ಕೂರುತ್ತೆ. ನಾನು ಹಿಂಡಿದ್ರೆ ಅದು ನಿಮ್ ಮಣೀನೂ ಸೇರಿಸಿ ಹಿಂಡುತ್ತೆ. ಈ ನೀಲಿ ಬಟ್ಟೆ ಎಲ್ಲಿತ್ತು?"

ನೀಲಮ್ಮ ಮೆಟ್ಟಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಅವತ್ತು ಬೆಡ್‌ಶೀಟ್ ಮೇಲೆ ನಿನ್ ಮಗಳು ಉಚ್ಚೆ ಹುಯ್ದಿದ್ಲು. ಒಗೆಯಕ್ಕೆ ಹಾಕಿದ್ದೆ. ಅದಕ್ಕೆ ನಮ್ಮೋರ ಯೂನಿಫಾರಂ ಬಟ್ಟೆ ಹಾಸ್ಬುಟ್ಟೆ. ಫ್ಯಾಕ್ಟರಿಯಿಂದ ವರ್ಷವರ್ಷ ಕೊಡ್ತಾರೆ, ಇನ್ನೂ ಹೊಲ್ಸಿಲ್ಲ. ಆ ಗಡಿಬಿಡೀಲಿ ಅಕ್ಷತೇನೂ ಮರ್ತೆ. ಅವರಿಗೆ ಹೇಳ್ಬೇಡ ಕಣಮ್ಮ."

ಶನಿವಾರ ಬೆಳಗ್ಗೆ ನೀಲಮ್ಮ ಬೀರುವಿನಿಂದ ಆ ಬಟ್ಟೆ ತೆಗೆದು ಇಸ್ತ್ರಿ ಮಾಡಿ, ಹೊಸದಾಗಿ ಫೋಟೋ ತೆಗೆಯಲು ಅದರ ಮೇಲೆ ಸೀರೆ ಹರಡಿದಳು. ವಾರದ ರಜೆಯಲ್ಲಿದ್ದ ನಂಜಯ್ಯ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತ.

"ಏನಿದು? ನನ್ ಪ್ಯಾಂಟಿನ ಮೇಲೆ ಮದುವೆ ಹೆಣ್ಣಿನ ಸೀರೆ!"

"ಪ್ಯಾಂಟ್ ಇನ್ನೂ ಆಗಿಲ್ಲ. ಸುಮ್ನೆ ಬೆಳಕು ಬಿಟ್ಟು ನಿಂತ್ಕಳಿ."

ಆದರೆ ಅಕ್ಷತೆಯ ಬಟ್ಟಲು ಕೈಯಲ್ಲಿ ಹಿಡಿದು ನೀಲಮ್ಮ ಕಲ್ಲಿನಂತೆ ನಿಂತುಬಿಟ್ಟಳು. ಹಾಕಿದರೆ ಫೋಟೋ ಭಾರ. ಹಾಕದಿದ್ದರೆ ಎದೆ ಭಾರ. ನೆನಪಿದ್ದೂ ಹಾಕದಿರುವುದು ಅವತ್ತು ಮರೆತ ಹಾಗಲ್ಲ. ಮಗುವನ್ನು ಸೊಂಟದಲ್ಲಿ ಹೊತ್ತ ಸುಚಿತ್ರಾಗೆ "ಒಂದು ಸಲಕ್ಕೆ ಬಿಡಿ ಆಂಟಿ" ಎನ್ನುವ ಧೈರ್ಯ ಬರಲಿಲ್ಲ. ಕೊನೆಗೆ ನೀಲಮ್ಮ ಬಗ್ಗಿ ನೀಲಿ ಬಟ್ಟೆಯ ಅಂಚು ಎತ್ತಿ, ಅದರ ಕೆಳಗೆ ಒಂದು ಚಿಟಿಕೆ ಅಕ್ಷತೆ ಸುರಿದು, ಬಟ್ಟೆಯನ್ನು ಮತ್ತೆ ನೀವಿದಳು.

"ದೇವರಿಗೆ ಕಾಣುತ್ತೆ" ಎಂದಳು. "ಕಂಪ್ಯೂಟರಿಗೆ ಕಾಣಲ್ಲ."

ಆಮೇಲೆ ಕೆಲಸ ಓಡಿತು. ಇಡೀ ಸೀರೆ ಬೇಡ, ಸೆರಗಿನ ಅಂಚು ಸಾಕು ಎಂದು ನೀಲಮ್ಮನೇ ಹೇಳಿದಳು. ಕುಚ್ಚು ನೋಡಬಂದವರಿಗೆ ಒಡಲು ಯಾಕೆ? ಸುಚಿತ್ರಾ ಅಳತೆ ಇಳಿಸಿ, ಈ ಸಲ ಮೆಲ್ಲಗೆ ಒತ್ತಿದಳು. ಪ್ರತಿ ಸಲವೂ ಪರದೆ ನೀಲಮ್ಮನ ಕಡೆ ತಿರುಗುತ್ತಿತ್ತು. "ಇನ್ನೂ ಸ್ವಲ್ಪ ಒತ್ತು. ಹಾಂ, ಸಾಕು, ಸಾಕು! ಆ ಮುತ್ತಿನ ಕೆಳಗಿನ ಗಂಟು ಮಸುಕಾಯ್ತು, ಹಿಂದಕ್ಕೆ ಬಾ." ದಾರ ಎಷ್ಟು ಎಳೆದರೆ ಸೀರೆ ಸುಕ್ಕಾಗುತ್ತದೆಂದು ತಿಳಿದ ಕಣ್ಣು, ಎಷ್ಟು ಒತ್ತಿದರೆ ಫೋಟೋ ಕೆಡುತ್ತದೆಂಬುದನ್ನೂ ಕಂಡುಹಿಡಿಯಿತು. ಹನ್ನೆರಡು ಎಂಬಿಯ ಜಾಗದಲ್ಲಿ ನೂರು ಕೆಬಿಯೂ ಇರಲಿಲ್ಲ. ಕೆಳಗಿನ ಫೋಟೋಗಳು ನೋಡುವವರು ಬೆರಳು ಆಡಿಸಿ ಅಲ್ಲಿಗೆ ಹೋದಾಗಷ್ಟೇ ಬರಲೆಂದು ಸುಚಿತ್ರಾ ಏರ್ಪಾಡು ಮಾಡಿದಳು.

ಭಾನುವಾರ ನಂಜಯ್ಯನಿಗೆ ಮೊದಲ ಶಿಫ್ಟು. ಬಸ್ಸಿನಿಂದಲೇ ಫೋನು ಮಾಡಿದ. "ಕಂಡಕ್ಟರ್ ಚಿಲ್ಲರೆ ಕೇಳೋದ್ರೊಳಗೆ ಬಂದ್ಬುಡ್ತು ಕಣೇ! ನಿದ್ದೆ ಮಾಡಕ್ಕೂ ಬಿಡ್ಲಿಲ್ಲ."

ಮಂಗಳಮ್ಮನ ಫೋನು ಮಾತ್ರ ಬರಲಿಲ್ಲ. ಬೆಳಗ್ಗೆ ಕಳೆಯಿತು, ಮಧ್ಯಾಹ್ನವೂ ಕಳೆಯಿತು. ನೀಲಮ್ಮ ಕಿಟಕಿ ಸರಳಿಗೆ ದಾರ ಕಟ್ಟಿದಳು, ಬಿಚ್ಚಿದಳು. ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಶಿಫ್ಟು ಮುಗಿಸಿ ಬಂದ ನಂಜಯ್ಯ ಒಂದು ತುತ್ತು ಬಾಯಿಗಿಟ್ಟು, ಏನೂ ಹೇಳದೆ ಮಜ್ಜಿಗೆ ಬಡಿಸಿಕೊಂಡ. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಅವನು ಹೀಗೆ ಬಾಯಿ ಮುಚ್ಚಿಕೊಂಡ ದಿನಗಳನ್ನು ಅವಳು ಲೆಕ್ಕ ಇಟ್ಟಿದ್ದಳು. ಇದು ನಾಲ್ಕನೆಯದು.

ಐದು ಗಂಟೆಗೆ ಫೋನು ಬಂತು.

"ನೀಲಮ್ಮೋರೆ, ಮಾಳಿಗೆ ಹತ್ತೋ ಕೆಲ್ಸಾನೇ ಇಲ್ಲ, ಅಡುಗೆಮನೇಲೇ ಕಾಣಿಸ್ತು! ಎಲ್ಲ ಹೆಂಗಸ್ರೂ ಕಿತ್ತಾಡಿ ಇಷ್ಟೊತ್ತಾಯ್ತು ನೋಡಿ. ಒಂಬತ್ತಕ್ಕೂ ನಿಮ್ದೇ. ಮೂರನೇದು, ಏಳನೇದು, ಇನ್ನುಳಿದಿದ್ದಕ್ಕೆಲ್ಲ ಹನ್ನೊಂದನೇದು. ನೀಲಮ್ಮನ ಕುಚ್ಚು ಅಂತ ನಮ್ ಬೀಗಿತಿಗೂ ಹೇಳ್ಬುಟ್ಟೆ."

ನೀಲಮ್ಮ ಗೋಡೆಗೆ ಒರಗಿದಳು. "ಇನ್ನೊಂದು ಸಲ ಹೇಳಿ, ಸರಿಯಾಗಿ ಕೇಳ್ಸಲಿಲ್ಲ" ಎಂದಳು. ಚೆನ್ನಾಗಿಯೇ ಕೇಳಿಸಿತ್ತು.

ಮಂಗಳಮ್ಮ ಇನ್ನೊಂದು ಸಲ ಹೇಳಿ, ಉಸಿರು ತೆಗೆದುಕೊಂಡು ಮುಂದುವರಿಸಿದಳು. "ಅಲ್ಲಾ, ಕುಚ್ಚಿನ ಕೆಳಗೆ ಒಂದು ನೀಲಿ ಬಟ್ಟೆ ಅದೆಯಲ್ಲ, ಬೋ ಲಕ್ಷಣವಾಗದೆ. ಗಂಡಸ್ರ ಉಡುಗೊರೆಗೆ ಪ್ಯಾಂಟು, ಶರಟಿನ ಪೀಸು ತರ್ಬೇಕು. ಯಾವ ಅಂಗಡೀದು?"

ನಂಜಯ್ಯ ಕಾಫಿ ಲೋಟ ಕೆಳಗಿಟ್ಟು ಕಿವಿ ನಿಮಿರಿಸಿದ. ನೀಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಅವನ ಕಡೆ ನೋಡಿದಳು.

"ಅದು ಅಂಗಡೀಲಿ ಸಿಗಲ್ಲ ಕಣ್ರೀ ಮಂಗಳಮ್ಮೋರೆ" ಎಂದಳು. "ಇಪ್ಪತ್ತೆಂಟು ವರ್ಷ ಶಿಫ್ಟ್ ಮಾಡ್ಬೇಕು."