ಅಕ್ಕನ ದೋಣಿಗೆ ಹಚ್ಚಿದ ಎಣ್ಣೆ

ಮನೆಯಲ್ಲಿ ಯಾರಾದರೂ ಕೊಬ್ಬರಿ ಎಣ್ಣೆಯ ಬಾಟಲಿ ತೆರೆದರೆ ನಾನು ಸುಮ್ಮನೆ ಎದ್ದು ಆಚೆ ಹೋಗುತ್ತಿದ್ದೆ. ಆ ವಾಸನೆಗೆ ನನಗೆ ತಲೆನೋವು ಬರುತ್ತದೆಂದು ಹೆಂಡತಿ ತಿಳಿದುಕೊಂಡಿದ್ದಳು. ಇವತ್ತು ಬೆಳಗ್ಗೆ ಅವಳು ಕಿಟಕಿಯ ಹತ್ತಿರ ಕೂತು ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾಗ ಎದುರಿಗೇ ಕೂತು ಕಾಫಿ ಮುಗಿಸಿದೆ. "ಏನ್ರೀ, ತಲೆನೋವು ಹೋಯ್ತಾ?" ಎಂದಳು. ಹೋಯಿತು ಎಂದೆ. ಹೇಗೆ ಹೋಯಿತು ಎಂಬುದನ್ನು ಅವಳಿಗೂ ಹೇಳಬೇಕು. ಮೊದಲು ನಿಮಗೆ ಹೇಳುತ್ತೇನೆ.

ನಾನು ಮಾಡದೆ ಬಿಟ್ಟ ಕೆಲಸ ಏನೆಂದು ಕೇಳಿದರೆ ನೀವು ನಗಬಹುದು. ಒಂದು ದೋಣಿಗೆ ಟಾರ್ಪಾಲು ಹೊದಿಸು ಎಂದು ಅಕ್ಕ ಹೇಳಿದ್ದಳು. ನಾನು ಹೊದಿಸಲಿಲ್ಲ.

ಚಾಮರಾಜಪೇಟೆಯಲ್ಲಿ ದೋಣಿಗೇನು ಕೆಲಸ ಎನ್ನಬೇಡಿ. ನಮ್ಮ ಮನೆಯ ಹಿಂದೆ ಅಪ್ಪನ ಫೈಬರ್ ಶೆಡ್ಡು ಇತ್ತು. ನೀರಿನ ತೊಟ್ಟಿ, ಕುರ್ಚಿ, ಮೆರವಣಿಗೆಗೆ ಆನೆಯ ತಲೆ, ಕೆರೆಗಳಲ್ಲಿ ಬಾಡಿಗೆಗೆ ಬಿಡುವ ಸಣ್ಣ ದೋಣಿ, ಯಾರು ಏನು ಕೇಳಿದರೂ ಅಪ್ಪ ಮಾಡಿಕೊಡುತ್ತಿದ್ದರು. ನನಗೆ ಆ ಕೆಲಸ ಒಗ್ಗಲಿಲ್ಲ. ಗಾಜಿನ ನಾರು ಸೋಕಿದರೆ ಮೈಯೆಲ್ಲ ತುರಿಕೆ. ಓದೂ ಒಗ್ಗದೆ ಏಳನೇ ಕ್ಲಾಸಿಗೆ ನಿಂತಿತು. ಅದಕ್ಕೆ ತುರಿಕೆಯ ನೆಪವೂ ಇರಲಿಲ್ಲ. ಅಕ್ಕ ಮಾತ್ರ ತಲೆಗೆ ಬಟ್ಟೆ ಸುತ್ತಿಕೊಂಡು ಅಪ್ಪನ ಪಕ್ಕದಲ್ಲೇ ಕೆಲಸ ಕಲಿತಳು.

ಫೈಬರ್ ದೋಣಿಗೆ ಬಣ್ಣ ಕೊನೆಯಲ್ಲಿ ಬಳಿಯುವುದಲ್ಲ, ಮೊದಲು. ಅಚ್ಚಿನ ಒಳಮೈಗೆ ಬಣ್ಣದ ಪದರ ಬಳಿದು, ಅದರ ಬೆನ್ನಿಗೆ ನಾರು ಹಾಸಿ ಅಂಟು ತುಂಬಿಸುತ್ತಾರೆ. ಗಟ್ಟಿಯಾದ ಮೇಲೆ ಅಚ್ಚಿನಿಂದ ಬಿಡಿಸಿದರೆ ಮೊದಲು ಬಳಿದದ್ದೇ ಹೊರಮೈಯಾಗಿ ಮಿಂಚುತ್ತದೆ. ಜೆಲ್‌ಕೋಟ್ ಎನ್ನುವ ಆ ಪದರ ಉಗುರಿನಷ್ಟೇ ದಪ್ಪ. ಬಿಸಿಲಿಗೆ ಬಿಟ್ಟರೆ ವರ್ಷ ಕಳೆದಂತೆ ಸುಣ್ಣದ ಪುಡಿಯಾಗಿ ಕೈಗೆ ಬರುತ್ತದೆ.

ಅಪ್ಪ ಹೋದ ಮೇಲೆ ಅಕ್ಕ ಒಬ್ಬಳೇ ಒಂದು ದೋಣಿ ಮಾಡಿದಳು. ನವಿಲುಕತ್ತಿನ ನೀಲಿ. ಆ ಬಣ್ಣ ಬೀಳುವವರೆಗೆ ಎಷ್ಟು ಸಲ ಕಲಸಿದಳೋ, ಅಮ್ಮನ ಹಳೆಯ ಸೀರೆಯೊಂದನ್ನು ಪಕ್ಕದಲ್ಲಿ ಹರಡಿಕೊಂಡು ನೋಡಿ ನೋಡಿ ಕಲಸುತ್ತಿದ್ದಳು. ಅಚ್ಚಿನಿಂದ ಬಿಡಿಸಿದ ದಿನ ನನ್ನನ್ನು ಅದರ ಮುಂದೆ ನಿಲ್ಲಿಸಿ, "ನೋಡ್ಕೊಳೋ ನಿನ್ ಮುಖಾನ. ಮೀಸೆ ಬಂದಿಲ್ಲ ಅಂತ ಇದರಲ್ಲೂ ಕಾಣುತ್ತೆ" ಎಂದಳು. ನಿಜವಾಗಿಯೂ ಕಾಣುತ್ತಿತ್ತು.

ಹೊಸಕೋಟೆಯ ಕಡೆಗೆ ಮದುವೆಯಾಗಿ ಹೋಗುವಾಗ ಅವಳು ತವರಿನಿಂದ ಕೇಳಿದ್ದು ಅದೊಂದೇ. "ಇದನ್ನ ಮಾರ್ಬೇಡ. ಬಿಸಿಲಿಗೆ ಬಿಡ್ಬೇಡ. ಮೇಲೊಂದು ಟಾರ್ಪಾಲ್ ಹಾಕಿರು, ವರ್ಷಕ್ಕೊಂದ್ಸಲ ಮೇಣ ಹಚ್ಚು. ನನ್ ಕೈಯಿಂದ ಪೂರ್ತಿ ಆಗಿದ್ದು ಇದೊಂದೇ ಕಣೋ." ನಾನು ಆಯ್ತು ಆಯ್ತು ಎಂದೆ. ಗಂಡನ ಮನೆಯಲ್ಲಿ ಅವಳ ಕೈಗೆ ಹಸು, ಒಲೆ, ಹೊಲ ಸಿಕ್ಕವು. ಆ ಕೆಲಸ ಮತ್ತೆ ಸಿಗಲಿಲ್ಲ.

ಶೆಡ್ಡಿನಲ್ಲಿ ನಾನು ರಟ್ಟಿನ ಡಬ್ಬ ಮಾಡಲು ಶುರುಮಾಡಿದೆ. ಸುಲ್ತಾನ್‌ಪೇಟೆಯ ಮದುವೆ ಕಾರ್ಡಿನ ಅಂಗಡಿಗಳಿಗೆ ಹೋಗುವ ಡಬ್ಬಗಳು. ರಟ್ಟಿಗೆ ಜಾಗ ಬೇಕಾಯಿತು, ದೋಣಿ ಹಿತ್ತಿಲಿಗೆ ಬಂತು. ಟಾರ್ಪಾಲು ಮಾತ್ರ ಒಳಗೇ ಉಳಿಯಿತು. ಶೆಡ್ಡು ಸೋರುತ್ತಿತ್ತು, ರಟ್ಟು ನೆನೆಯಬಾರದಲ್ಲ. ದೋಣಿ ನೆನೆದರೆ ಏನಂತೆ, ದೋಣಿ ತಾನೆ ಎಂದುಕೊಂಡೆ. ನನ್ನ ಬುದ್ಧಿ ನೋಡಿ. ಅಕ್ಕ ಹೆದರಿದ್ದು ನೀರಿಗಲ್ಲ, ಬಿಸಿಲಿಗೆ.

ಗೌರಿ ಹಬ್ಬಕ್ಕೆ ಅಕ್ಕನನ್ನು ಕರೆಯುವುದು ನಮ್ಮಲ್ಲಿ ತಪ್ಪದ ಪದ್ಧತಿ. ಒಂದು ವರ್ಷ ಅವಳು ಬರುವ ಹಿಂದಿನ ಸಂಜೆ ಹಿತ್ತಿಲಿಗೆ ಹೋಗಿ ನೋಡಿದರೆ ದೋಣಿ ಬಿಳಚಿಕೊಂಡು, ಬೂದಿ ಬಳಿದ ಹಾಗಿತ್ತು. ಹಳೆಯ ಗಾಡಿ ಮಾರುವವರು ಮಾಸಿದ ಬಂಪರಿಗೆ ಎಣ್ಣೆ ಒರೆಸುವುದನ್ನು ಕಂಡಿದ್ದೆ. ಅಡುಗೆಮನೆಯಿಂದ ಕೊಬ್ಬರಿ ಎಣ್ಣೆ ತಂದು ಬಟ್ಟೆಯಲ್ಲಿ ಅದ್ದಿ ಒರೆಸಿದೆ. ನೀಲಿ ಎದ್ದು ಬಂತು! ಮರುದಿನ ಅಕ್ಕ ಬಾಗಿನ ಹಿಡಿದುಕೊಂಡೇ ಹಿತ್ತಿಲಿಗೆ ಹೋಗಿ ನೋಡಿ, "ಚೆನ್ನಾಗ್ ಇಟ್ಕೊಂಡಿದೀಯ" ಎಂದಳು. ಆ ಮಾತು ಕೇಳಿ ನನಗೆ ಸಮಾಧಾನವಾಯಿತು. ನಾಚಿಕೆಯಲ್ಲ, ಸಮಾಧಾನ! ಆಮೇಲೆ ಪ್ರತಿ ಗೌರಿ ಹಬ್ಬಕ್ಕೂ ಇದೇ ಆಟ. ಹಬ್ಬ ಮುಗಿದ ಮೇಲೆ ಎಣ್ಣೆಗೆ ಧೂಳು ಮೆತ್ತಿಕೊಳ್ಳುತ್ತಿತ್ತು. ನಾನು ಆ ಕಡೆ ತಲೆಹಾಕುತ್ತಿರಲಿಲ್ಲ.

ಈ ಸಲ ಫೋನು ಬಂತು. "ಹೊಲದಲ್ಲಿ ಹೊಂಡ ತೋಡ್ಸಿದೀವಿ ಕಣೋ, ತುಂಬಿದೆ. ದೋಣಿ ತಗೊಂಡ್ ಹೋಗ್ತೀನಿ. ಮೊಣಕಾಲು ಪೂರ್ತಿ ಕೈಕೊಡೋಕೆ ಮುಂಚೆ ಒಂದ್ಸಲ ಅದರಲ್ಲಿ ಕೂರ್ಬೇಕು."

ಹೊಂಡದ ನೀರಿಗೆ ಇಳಿಯುವ ದೋಣಿಗೆ ಎಣ್ಣೆ ಹಚ್ಚಿ ಕಳಿಸುವುದು ಹೇಗೆ? ಅವಸರದಲ್ಲಿ ವಾಟರ್ ಪೇಪರ್ ಎನ್ನುವ ಮರಳುಕಾಗದ ತಂದು, ನೀರು ಹಾಕಿಕೊಂಡು ಉಜ್ಜತೊಡಗಿದೆ. ಪುಡಿಯ ಕೆಳಗಿಂದ ಬಣ್ಣ ಇಣುಕಿತು. ಆಸೆಯಾಗಿ ಇನ್ನೂ ಉಜ್ಜಿದೆ. ಮೂತಿಯ ಹತ್ತಿರ ನೀಲಿಯೇ ಹೋಗಿ, ಒಳಗಿನ ನಾರು ಗಾಯದ ಹಾಗೆ ಕಂಡಿತು. ಕೈ ನಿಂತುಹೋಯಿತು. ಅಷ್ಟರಲ್ಲಿ ಹಿಂದಿನಿಂದ ಧ್ವನಿ.

"ಚರ್ಮ ಸುಲೀತಾ ಇದೀಯಾ, ಪಾಲಿಶ್ ಮಾಡ್ತಾ ಇದೀಯಾ?"

ಹೇಳಿದ ದಿನಕ್ಕಿಂತ ಮೊದಲೇ ಅಕ್ಕ ಬಂದಿದ್ದಳು. ಅಂಗೈಯಿಂದ ದೋಣಿಯ ಬೆನ್ನು ಸವರಿದಳು. ಬಿಳಿಯ ಪುಡಿ ಹತ್ತಿತು. ಮೂಸಿ ನೋಡಿದಳು.

"ಹಬ್ಬಕ್ಕೆ ನಾನು ಎಣ್ಣೆಸ್ನಾನ ಮಾಡ್ತಿದ್ನೋ ಇಲ್ವೋ, ಇದಕ್ಕಂತೂ ತಪ್ತಿರ್ಲಿಲ್ಲ."

"ಅಕ್ಕಾ, ಅದು... ಬಿಸಿಲು ಜಾಸ್ತಿ ಆಗ್ಬಿಟ್ಟಿದೆ ಈಗ..."

"ಮೊದಲನೇ ವರ್ಷಾನೇ ಗೊತ್ತಾಯ್ತು ಬಿಡೋ. ಒರಗಿ ನಿಂತಿದ್ದೆ, ಸೀರೆಗೆಲ್ಲ ಎಣ್ಣೆ. ನೀನಾಗೇ ಹೇಳ್ತೀಯ ಅಂತ ಕಾಯ್ತಿದ್ದೆ."

ಆಗಲೇ ಹೇಳಬೇಕಿತ್ತು. ಕೈಯಲ್ಲಿದ್ದ ಕಾಗದದ ಪುಡಿ ಕೊಡವಿದೆ. ಅವಳೂ ಒತ್ತಾಯಿಸದೆ ಸೆರಗು ಸಿಕ್ಕಿಸಿಕೊಂಡು, "ಥಿನ್ನರ್ ತಗೊಂಬಾ. ಮೊದ್ಲು ನಿನ್ ಎಣ್ಣೆ ಬಿಡಿಸ್ಬೇಕು" ಎಂದಳು.

ಕೆಲವು ದಿನ ನಮ್ಮಲ್ಲೇ ಉಳಿದಳು. ಎಣ್ಣೆ ಬಿಡಿಸಿ ತೊಳೆದೆವು. ನನ್ನ ಒರಟು ಕಾಗದ ಬಿಸಾಡಿ, ಅದಕ್ಕಿಂತ ನಯವಾದದ್ದು, ಮತ್ತೂ ನಯವಾದದ್ದು ತರಿಸಿದಳು. ನಾರು ಕಂಡ ಕಡೆ ಹೊಸ ಜೆಲ್‌ಕೋಟ್ ಕಲಸಿ ತುಂಬಿ, ಗಾಳಿ ಸೋಕಿದರೆ ಮೇಲ್ಮೈಯ ಜಿಗುಟು ಹೋಗುವುದಿಲ್ಲವೆಂದು ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿದಳು. ಆಮೇಲೆ ಹೊಳಪು ತರುವ ರಬ್ಬಿಂಗ್ ಕಾಂಪೌಂಡ್, ಕೊನೆಗೆ ಮೇಣ. ಮೊಣಕಾಲು ನೋವಿಗೆ ಅವಳು ಸ್ಟೂಲಿನ ಮೇಲೆ ಕೂತೇ ಉಜ್ಜುತ್ತಿದ್ದಳು. ಅವಳು ದೋಣಿಯ ಆ ಪಕ್ಕ, ನಾನು ಈ ಪಕ್ಕ. ನಡುವೆ ಮಾತಿಗೆ ಬೇಕಾದಷ್ಟು ಹೊತ್ತಿತ್ತು. ನಾನು ರಟ್ಟಿನ ವ್ಯಾಪಾರದ ಬಗ್ಗೆ ಮಾತಾಡಿದೆ. ಬಣ್ಣ ಮೊದಲಿನಷ್ಟು ಗಾಢವಾಗಲಿಲ್ಲ. ಮುಖ ಮಾತ್ರ ಕಂಡಿತು, ನರೆತ ಮೀಸೆಯ ಸಮೇತ.

ನಿನ್ನೆ ಟೆಂಪೊ ಬಂತು. ದೋಣಿ ಹತ್ತಿಸಿದ ಮೇಲೆ ನಾನು ಶೆಡ್ಡಿಗೆ ಹೋಗಿ ರಟ್ಟಿನ ಮೇಲಿದ್ದ ಟಾರ್ಪಾಲು ಎಳೆದು ತಂದೆ. ಎಷ್ಟೋ ಸಲ ತೇಪೆ ಬಿದ್ದಿದ್ದರೂ ಅದು ಅದೇ ಟಾರ್ಪಾಲು. ಕೊಡವಿ, ದೋಣಿಯ ಮೇಲೆ ಹರಡಿ, ಮೂಲೆಮೂಲೆಗೂ ಹಗ್ಗ ಬಿಗಿದೆ. ಡ್ರೈವರ್ ಪಕ್ಕದಲ್ಲಿ ಕೂತಿದ್ದ ಅಕ್ಕ ತಲೆ ಹೊರಗೆ ಹಾಕಿ ನೋಡಿದಳು.

"ಈಗ್ಯಾಕೋ ಅದು? ಹೊಸಕೋಟೆ ಏನು ದೂರಾನಾ?"

ಕೊನೆಯ ಗಂಟು ಹಾಕಿ ಅವಳ ಬಾಗಿಲ ಹತ್ತಿರ ಹೋಗಿ ನಿಂತೆ. ಡ್ರೈವರ್ ಗಾಡಿ ಶುರುಮಾಡಿದ್ದ. ಆ ಸದ್ದಿನಲ್ಲಿ ಅವಳಿಗೆ ಕೇಳಿಸಲೆಂದು ಜೋರಾಗಿಯೇ ಹೇಳಿದೆ, ಬೀದಿಯವರೆಲ್ಲ ತಿರುಗಿ ನೋಡುವಷ್ಟು.

"ತಪ್ಪಾಯ್ತಕ್ಕಾ. ನೀನು ಕೇಳಿದ್ದು ಇದೊಂದೇ, ನಾನು ಮಾಡ್ಲಿಲ್ಲ. ಎಣ್ಣೆ ಹಚ್ಚಿ ಹಚ್ಚಿ ನಿನಗೆ ಸುಳ್ಳು ಹೇಳ್ದೆ. ತಪ್ಪಾಯ್ತು."